ಮಗು ಬಿದ್ದದ್ದನ್ನು ಮುಚ್ಚಿಡಬೇಡಿ

ಕಳೆದ ಮಳೆಗಾಲ ಚಿಕ್ಕಮ್ಮನ ಐದು ವರ್ಷದ ಮಗನನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಅಂಗಡಿಗೆ ಹೊರಟಿದ್ದೆ. ತೋಟದ ತಿರುವಿನಲ್ಲಿ ಚಕ್ರ ಜಾರಿತು. ನನ್ನ ತಲೆಯಲ್ಲಿ ಹೆಲ್ಮೆಟ್ ಇತ್ತು, ಅವನ ತಲೆಯಲ್ಲಿ ಉಣ್ಣೆ ಟೋಪಿ. ಹಣೆ ಊದಿತು. ಬೈಗುಳಕ್ಕೆ ಹೆದರಿ ‘ಅಂಗಳದಲ್ಲಿ ಜಾರಿ ಬಿದ್ದ’ ಎಂದುಬಿಟ್ಟೆ. ‘ಆಡ್ತಾ ಇದ್ದಾನಲ್ಲ, ಏನೂ ಆಗಿಲ್ಲ ಬಿಡು’ ಎಂದರು ಚಿಕ್ಕಮ್ಮ. ನಿಜಕ್ಕೂ ಏನೂ ಆಗಲಿಲ್ಲ. ಅದು ಬರೀ ಅದೃಷ್ಟ ಎಂದು ಗೊತ್ತಾದದ್ದು ಆಮೇಲೆ ಓದಿದಾಗ.

ತಲೆಗೆ ಜೋರು ಪೆಟ್ಟು ಬಿದ್ದರೆ ಮೆದುಳಿನ ರಕ್ತನಾಳದ ಗೋಡೆ ಹರಿದು, ಅಲ್ಲಿ ಗುಳ್ಳೆಯಂತೆ ಉಬ್ಬಬಹುದು. ಇದೇ ಅನ್ಯೂರಿಸಂ. ಹರಿದ ಟೈರಿನ ಸಂದಿಯಿಂದ ಸೈಕಲ್ ಟ್ಯೂಬ್ ಉಬ್ಬಿ ಹೊರಬರುತ್ತದಲ್ಲ, ಹಾಗೆ. ಮೆದುಳಿನ ಎಲ್ಲ ಅನ್ಯೂರಿಸಂಗಳಲ್ಲಿ ಪೆಟ್ಟಿನಿಂದ ಆಗುವವು ಶೇ 1ಕ್ಕಿಂತ ಕಡಿಮೆ. ಆದರೆ ಮಕ್ಕಳಲ್ಲಿ ಈ ಪಾಲು ಹೆಚ್ಚು. ಬಿದ್ದ ದಿನ ಸ್ಕ್ಯಾನ್‌ನಲ್ಲಿ ಕಾಣದೆ, ಎರಡು–ಮೂರು ವಾರದ ಬಳಿಕ ಒಡೆಯುವುದೂ ಉಂಟು. ಅಷ್ಟರಲ್ಲಿ ಹಣೆಯ ಊತ ಇಳಿದಿರುತ್ತದೆ, ಬಿದ್ದದ್ದೂ ಮರೆತಿರುತ್ತದೆ.

ಬಿದ್ದ ಮಕ್ಕಳಿಗೆಲ್ಲ ಸ್ಕ್ಯಾನ್ ಮಾಡಿಸಬೇಕೆಂದಲ್ಲ. ಆದರೆ ದಿಢೀರ್ ತಲೆನೋವು, ಮತ್ತೆ ಮತ್ತೆ ವಾಂತಿ, ಮಂಪರು, ಫಿಟ್ಸ್ ಕಂಡರೆ ಕಾಯಬಾರದು. ‘ಮೂರು ವಾರದ ಹಿಂದೆ ಸ್ಕೂಟರಿನಿಂದ ಬಿದ್ದಿದ್ದ’ ಎಂಬ ಒಂದು ಮಾತು ಡಾಕ್ಟರಿಗೆ ದಾರಿ ತೋರಿಸಬಹುದು. ನನ್ನ ಸುಳ್ಳು ಆ ಮಾತನ್ನೇ ಮುಚ್ಚಿಟ್ಟಿತ್ತು.

ಕೊಡಗಿನಲ್ಲಿ ತಡಮಾಡಿದರೆ ಕಷ್ಟ ಇನ್ನೂ ಹೆಚ್ಚು. ನಮಗೆ ರೈಲಿಲ್ಲ. ದೊಡ್ಡ ಚಿಕಿತ್ಸೆಗೆಂದು ಮಡಿಕೇರಿಯಿಂದ ಮೈಸೂರಿಗೆ ಹೋಗಬೇಕಾದರೆ ಸುಮಾರು 120 ಕಿ.ಮೀ. ಮಂಗಳೂರಿಗಾದರೆ ಘಾಟಿ ಇಳಿಯಬೇಕು. 2018ರ ಮಳೆಗೆ ಆ ರಸ್ತೆಯೇ ಕುಸಿದಿತ್ತು.

ನಾಲ್ಕು ವರ್ಷ ದಾಟಿದವರಿಗೆಲ್ಲ ಬೈಕಿನಲ್ಲಿ ಹೆಲ್ಮೆಟ್ ಕಡ್ಡಾಯ. 9 ತಿಂಗಳಿಂದ 4 ವರ್ಷದ ಮಕ್ಕಳಿಗೂ ಹೆಲ್ಮೆಟ್, ಸವಾರನಿಗೆ ಸೇರಿಸಿ ಕಟ್ಟುವ ಬೆಲ್ಟ್ ಇರಬೇಕು. ವೇಗ ಗಂಟೆಗೆ 40 ಕಿ.ಮೀ. ಮೀರಬಾರದು. ಈ ನಿಯಮ 2023ರ ಫೆಬ್ರುವರಿ 15ರಿಂದ ಜಾರಿಯಲ್ಲಿದೆ. ಆದರೂ ಮಕ್ಕಳ ಹೆಲ್ಮೆಟ್ ನಮ್ಮ ಎಷ್ಟು ಮನೆಗಳಲ್ಲಿದೆ?

ತಮ್ಮ, ತಂಗಿಯರನ್ನು ಶಾಲೆಗೆ, ಅಂಗಡಿಗೆ ಕರೆದೊಯ್ಯುವವರು ಹೆಚ್ಚಾಗಿ ನಮ್ಮ ವಯಸ್ಸಿನವರೇ. ಬೀಳಿಸುವವರೂ, ಬಿದ್ದದ್ದನ್ನು ಮುಚ್ಚಿಡುವವರೂ ನಾವೇ. ಚಿಕ್ಕಮ್ಮನಿಗೆ ಕೊನೆಗೂ ನಿಜ ಹೇಳಿದೆ, ಚೆನ್ನಾಗಿ ಬೈದರು. ಮರುವಾರ ನನ್ನ ಪಾಕೆಟ್ ಮನಿಯಲ್ಲಿ ಪುಟ್ಟ ಹೆಲ್ಮೆಟ್ ತಂದೆ. ಈಗ ಅದನ್ನು ಹಾಕದೆ ಸ್ಕೂಟರ್ ಹತ್ತಲು ಅವನೇ ಒಪ್ಪುವುದಿಲ್ಲ.