ತುರಿಕೆಯನ್ನು ಕನ್ನಡದಲ್ಲೇ ಹೇಳಿ, ನಾಚಬೇಡಿ!

ಕನ್ನಡದ ತರುಣ ತರುಣಿಯರೇ,

ನಮ್ಮ ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ ಮಕ್ಕಳಾಗಲೆಂದು ಹರಕೆ ಹೊರುವವರಿಗೆ ಲೆಕ್ಕವಿಲ್ಲ. ಆದರೆ ಆ ಮಗು ಹುಟ್ಟುವ ದಾರಿಗೇ ಕಾಯಿಲೆ ಬಂದರೆ ಎಲ್ಲರ ಬಾಯಿಗೂ ಬೀಗ! ಔಷಧಿಯ ಜೊತೆಗಿರುವ ಚೀಟಿಯೋ, ಇಂಗ್ಲಿಷಿನಲ್ಲಿ. ನಾಮಕರಣದ ಪತ್ರಿಕೆ ಅಚ್ಚು ಹಾಕುವ ನಾನು ಇದನ್ನೂ ಕನ್ನಡದಲ್ಲೇ ಅಚ್ಚು ಹಾಕುತ್ತೇನೆ, ಓದಿ.

ಯೋನಿಯಲ್ಲಿ ವಿಪರೀತ ತುರಿಕೆ, ಕೆಂಪಾಗಿ ಊದುವುದು, ಮೂತ್ರ ಮಾಡುವಾಗ ಉರಿ, ಒಡೆದ ಮೊಸರಿನಂಥ ಗಟ್ಟಿ ಬಿಳಿ ಸೆರಗು, ಆದರೆ ಕೆಟ್ಟ ವಾಸನೆ ಇಲ್ಲ. ಇವು ಕ್ಯಾಂಡಿಡಾ ಎಂಬ ಫಂಗಸ್ಸಿನ ಲಕ್ಷಣಗಳು. ಅದು ಮೈಯಲ್ಲಿ ಸುಮ್ಮನೆ ಇರುವಂಥದ್ದೇ. ಆಂಟಿಬಯಾಟಿಕ್ ನುಂಗಿದಾಗ, ಬಸುರಿಯಾದಾಗ, ಸಕ್ಕರೆ ಕಾಯಿಲೆ ಹತೋಟಿ ತಪ್ಪಿದಾಗ ಹೆಚ್ಚುತ್ತದೆ. ಇದಕ್ಕೂ ಹೆಣ್ಣಿನ ನಡತೆಗೂ ಏನು ಸಂಬಂಧ?

ತೆಳ್ಳನೆಯ, ತುರಿಕೆಯಿಲ್ಲದ ಬಿಳಿ ಸೆರಗು ಸಾಮಾನ್ಯವಾಗಿ ಕಾಯಿಲೆಯಲ್ಲ. ಮೀನಿನ ನಾತ, ಹಳದಿ ಹಸಿರು ಬಣ್ಣ, ಕಿಬ್ಬೊಟ್ಟೆ ನೋವು, ಜ್ವರ ಇದ್ದರೆ ಅದು ಬೇರೆ ರೋಗ, ಅದಕ್ಕೆ ಬೇರೆ ಮದ್ದು. ಆದ್ದರಿಂದ ಮೆಡಿಕಲ್ ಶಾಪಿನವನ ಮಾತು ಕೇಳಿ ಮದ್ದು ತರಬೇಡಿ. ಒಳಗೆ ಸೋಪು, ಡೆಟಾಲ್ ಹಾಕಿ ತೊಳೆಯಲೇಬೇಡಿ. ಪದೇ ಪದೇ ಬಂದರೆ ಸಕ್ಕರೆ ಪರೀಕ್ಷೆ ಮಾಡಿಸಿ.

ಅಕ್ಕತಂಗಿಯರೇ, ಸರ್ಕಾರಿ ಆಸ್ಪತ್ರೆಗೆ ಹೋಗಿ. "ಡಾಕ್ಟ್ರೇ, ತುರಿಕೆ ಇದೆ, ಬಿಳಿ ಸೆರಗು ಹೋಗ್ತಿದೆ" ಅನ್ನಿ, ಕನ್ನಡದಲ್ಲೇ ಅನ್ನಿ. ಕ್ಲೋಟ್ರಿಮಜೋಲ್‌ನಂಥ ಮದ್ದಿಗೆ ಕೆಲವೇ ದಿನಗಳಲ್ಲಿ ಗುಣವಾಗುವ ಕಾಯಿಲೆ ಇದು. ತಮ್ಮಂದಿರೇ, ನಗಬೇಡಿ, ಮನೆಯ ಹೆಣ್ಣುಮಕ್ಕಳ ಕೈಗೆ ಈ ಪುಟ ಕೊಡಿ. ನಮ್ಮ ನೋವನ್ನು ಹೇಳಲಾಗದಿದ್ದರೆ ನಮ್ಮ ಭಾಷೆ ಇದ್ದೇನು ಫಲ?