ಒಂದೇ ಮನೆತನದ ಮೂವರು

ನಮಗೆ ಪರಿಚಿತವಾದ ಲೋಹಗಳೆಲ್ಲ ಕೊಠಡಿಯ ಉಷ್ಣತೆಯಲ್ಲಿ, ಎಂದರೆ ಸುಮಾರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಗಟ್ಟಿಯಾಗಿರುವುವು. ಪಾದರಸ ಮಾತ್ರ ದ್ರವ. ಅಲೋಹಗಳ ಸಂಗತಿ ಹಾಗಲ್ಲ. ಇಂಗಾಲ, ಗಂಧಕ, ರಂಜಕ, ಅಯೋಡಿನ್ ಇವು ಘನ. ಜಲಜನಕ, ಸಾರಜನಕ, ಆಮ್ಲಜನಕ, ಕ್ಲೋರಿನ್ ಮೊದಲಾದವು ಅನಿಲ. ದ್ರವವಾಗಿರುವುದು ಬ್ರೋಮಿನ್ ಒಂದೇ.

ನಮ್ಮ ಮಕ್ಕಳು ಈ ಪಟ್ಟಿಯನ್ನು ಉರು ಹೊಡೆಯುತ್ತಾರೆ. ಕಾರಣವನ್ನು ತಿಳಿದರೆ ಉರು ಹೊಡೆಯುವ ಕಷ್ಟವಿಲ್ಲ. ಕ್ಲೋರಿನ್, ಬ್ರೋಮಿನ್, ಅಯೋಡಿನ್ ಮೂರೂ ಹ್ಯಾಲೊಜನ್ ಎಂಬ ಒಂದೇ ಮನೆತನದವು. ಮೂರರಲ್ಲಿಯೂ ಎರಡೆರಡು ಪರಮಾಣುಗಳು ಕೂಡಿ ಒಂದು ಅಣುವಾಗಿವೆ. ಕ್ಲೋರಿನ್ನಿನ ಅಣು ಚಿಕ್ಕದು. ಅಣುಗಳ ನಡುವಣ ಸೆಳೆತವೂ ಅಲ್ಪ. ಆದುದರಿಂದ ಸೊನ್ನೆಗಿಂತ 34 ಡಿಗ್ರಿ ಕೆಳಗೇ ಅದು ಕುದಿದು ಅನಿಲವಾಗುತ್ತದೆ. ಬ್ರೋಮಿನ್ನಿನ ಅಣು ಅದಕ್ಕಿಂತ ದೊಡ್ಡದು, ಸೆಳೆತವೂ ಹೆಚ್ಚು. ಅದು ಕುದಿಯಲು 59 ಡಿಗ್ರಿ ಬೇಕು. ಅಯೋಡಿನ್ ಇನ್ನೂ ದೊಡ್ಡದು. ಅದು ಕರಗುವುದೇ 114 ಡಿಗ್ರಿಯಲ್ಲಿ.

ಹೀಗಾಗಿ ಘನ, ದ್ರವ, ಅನಿಲ ಎಂಬುದು ವಸ್ತುವಿನ ಹುಟ್ಟುಗುಣವಲ್ಲ. ಸೆಳೆತಕ್ಕೂ ಶಾಖಕ್ಕೂ ನಡೆಯುವ ಜಗ್ಗಾಟದ ಫಲ. ಬ್ರೋಮಿನ್ ಸೊನ್ನೆಗಿಂತ 7 ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ. ಚೆನ್ನೈನ ಬೇಸಗೆಯಲ್ಲಿಯೂ ದೆಹಲಿಯ ಮಾಘದ ಚಳಿಯಲ್ಲಿಯೂ ಅದು ದ್ರವವೇ. ಕಾರ್ಗಿಲಿನ ಕಡೆಯ ದ್ರಾಸ್ ಊರಿನಲ್ಲಿ ಚಳಿಗಾಲದ ರಾತ್ರಿ ಹೊರಗಿಟ್ಟರೆ ಗಟ್ಟಿಯಾದೀತು.

ಈ ಕೆಂಗಂದು ದ್ರವವನ್ನು 1826ರಲ್ಲಿ ಲೋಕಕ್ಕೆ ತಿಳಿಸಿದವನು ಫ್ರಾನ್ಸಿನ ಮೊಂಪೆಲಿಯೆ ನಗರದ ತರುಣ ಬಾಲಾರ್. ಉಪ್ಪು ತೆಗೆದು ಉಳಿದ ನೀರಿನಲ್ಲಿ ಅವನಿಗದು ದೊರೆಯಿತು. ಅದರ ಆವಿ ಘಾಟು, ಕಟುವಿಷ. ಗ್ರೀಕ್ ಭಾಷೆಯಲ್ಲಿ ದುರ್ವಾಸನೆ ಎಂಬ ಅರ್ಥದ ಪದವೇ ಹೆಸರಿಗೆ ಮೂಲ.

ಇನ್ನು ಗೃಹಿಣಿಯರಲ್ಲಿ ಒಂದು ವಿಜ್ಞಾಪನೆ. ಬ್ಲೀಚಿಂಗ್ ಪೌಡರಿನ ಡಬ್ಬದಲ್ಲಿ ಕ್ಲೋರಿನ್ ಬೇರೆ ವಸ್ತುಗಳೊಡನೆ ಸೇರಿ ಪುಡಿಯ ರೂಪದಲ್ಲಿ ತೆಪ್ಪಗಿರುತ್ತದೆ. ಅದರ ಮೇಲೆ ಕಕ್ಕಸು ತೊಳೆಯುವ ಆಸಿಡ್ ಬಿದ್ದರೆ ಸೆರೆ ಬಿಟ್ಟು ಅನಿಲವಾಗಿ ಹೊರಡುತ್ತದೆ. ಘನವಾದರೆ ಬಿದ್ದಲ್ಲಿಯೇ ಇದ್ದೀತು, ದ್ರವವಾದರೆ ನೆಲದ ಮೇಲೆ ಹರಿದೀತು. ಅನಿಲ ಮಾತ್ರ ನೇರವಾಗಿ ಶ್ವಾಸಕೋಶವನ್ನೇ ಹೊಗುತ್ತದೆ. ಅದು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ನೆಲದ ಬಳಿಯೇ ದಟ್ಟವಾಗಿ ನಿಲ್ಲುತ್ತದೆ. ನಗರದ ಕಿರಿದಾದ ಬಚ್ಚಲುಮನೆಯಲ್ಲಿ ಬಗ್ಗಿ ಉಜ್ಜುತ್ತಿರುವವರಿಗೆ ಇದಕ್ಕಿಂತ ಅಪಾಯ ಬೇರೆ ಬೇಕೆ? ಎರಡನ್ನೂ ಎಂದಿಗೂ ಬೆರೆಸಕೂಡದು. ಘಾಟು ಬಂದರೆ ಕೆಲಸವನ್ನು ಅಲ್ಲಿಯೇ ಬಿಟ್ಟು ಬಯಲಿಗೆ ಬರಬೇಕು. ಕೆಮ್ಮು, ಉಬ್ಬಸ ಕಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಕ್ಲೋರಿನ್ ಅನಿಲ ಎಂದು ಮಗು ಓದುವಾಗ ಮನೆಯ ಹಿರಿಯರು ಇಷ್ಟನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರೆ ಪಾಠವೂ ಆಯಿತು, ರಕ್ಷಣೆಯೂ ಆಯಿತು.