ಗಾಂಜಾ: ನಿಷೇಧವೂ ಬೇಡ, ಮುಕ್ತ ವ್ಯಾಪಾರವೂ ಬೇಡ

ಕೆನಡಾದಲ್ಲಿ ವಯಸ್ಕರು ಗಾಂಜಾ ಸೇವಿಸುವುದು 2018ರ ಅಕ್ಟೋಬರ್ 17ರಿಂದ ಅಪರಾಧವಲ್ಲ. ಪರವಾನಗಿ ಪಡೆದ ಅಂಗಡಿಯಲ್ಲಿ ಅದನ್ನು ಕೊಳ್ಳಬಹುದು. ಸಾರ್ವಜನಿಕ ಸ್ಥಳದಲ್ಲಿ 30 ಗ್ರಾಂವರೆಗೆ ಒಣ ಗಾಂಜಾವನ್ನು ಜೊತೆಯಲ್ಲಿ ಇಟ್ಟುಕೊಳ್ಳಬಹುದು. ಈ ಸಂಗತಿ ಊರಿಗೆ ತಲುಪುವಷ್ಟರಲ್ಲಿ ಎರಡು ರೂಪ ತಾಳುತ್ತದೆ. ಮಕ್ಕಳನ್ನು ಇಲ್ಲಿಗೆ ಓದಲು ಕಳುಹಿಸಿದ ತಂದೆತಾಯಿಗಳಿಗೆ ಅದು ಭೀತಿ. ಹೊರಡಲು ಸಿದ್ಧರಾಗಿರುವ ತರುಣರಿಗೆ ‘ಸರಕಾರವೇ ಒಪ್ಪಿದ ಮೇಲೆ ಅಪಾಯವೇನು?’ ಎಂಬ ಧೈರ್ಯ. ಈ ದೇಶದಲ್ಲಿ ವೈದ್ಯವೃತ್ತಿ ನಡೆಸುತ್ತಿರುವ ನನಗೆ ಎರಡೂ ಅರ್ಧಸತ್ಯಗಳಾಗಿಯೇ ತೋರುತ್ತವೆ.

ನಿಷೇಧವಿದ್ದ ಕಾಲದಲ್ಲಿ ಗಾಂಜಾ ಇಲ್ಲಿ ದುರ್ಲಭವಾಗಿರಲಿಲ್ಲ. ಪ್ರತಿವರ್ಷ ಹತ್ತಾರು ಸಾವಿರ ಪ್ರಕರಣಗಳು ದಾಖಲಾಗುತ್ತಿದ್ದವು. ಲಾಭ ಕಳ್ಳಸಾಗಣೆಯವರ ಪಾಲಾಗುತ್ತಿತ್ತು. ಕೊಂಡ ಪುಡಿಯಲ್ಲಿ ಏನಿದೆ, ಎಷ್ಟು ತೀಕ್ಷ್ಣವಾಗಿದೆ ಎಂಬುದು ಸೇದುವವನಿಗೂ ಗೊತ್ತಿರುತ್ತಿರಲಿಲ್ಲ. ಆದ್ದರಿಂದಲೇ ಹೊಸ ಶಾಸನವು ಮೂರು ಉದ್ದೇಶಗಳನ್ನು ಮುಂದಿಟ್ಟಿತು: ಎಳೆಯರಿಂದ ಗಾಂಜಾವನ್ನು ದೂರವಿಡುವುದು, ಅದರ ಲಾಭವನ್ನು ಅಪರಾಧಿಗಳಿಂದ ಕಸಿಯುವುದು, ಸಾರ್ವಜನಿಕ ಆರೋಗ್ಯವನ್ನು ಕಾಪಾಡುವುದು. ಪೊಟ್ಟಣದ ಮೇಲೆ ಅಮಲಿನ ಅಂಶವಾದ ಟಿಎಚ್‌ಸಿ ಎಷ್ಟಿದೆಯೆಂದು ನಮೂದಿಸಬೇಕು, ಆರೋಗ್ಯದ ಎಚ್ಚರಿಕೆಯನ್ನು ಮುದ್ರಿಸಬೇಕು. ಅಪ್ರಾಪ್ತ ವಯಸ್ಕರಿಗೆ ಮಾರಿದವರಿಗೆ 14 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು.

ಫಲಿತಾಂಶವನ್ನು ಪಕ್ಷಪಾತವಿಲ್ಲದೆ ನೋಡೋಣ. ಅಲ್ಪಪ್ರಮಾಣದ ಗಾಂಜಾಕ್ಕಾಗಿ ಯುವಕರ ಹೆಸರು ಅಪರಾಧದ ಕಡತಕ್ಕೆ ಸೇರುವುದು ಬಹುಮಟ್ಟಿಗೆ ನಿಂತಿದೆ. ಬಳಕೆದಾರರಲ್ಲಿ ಬಹುಪಾಲು ಜನ ಈಗ ಪರೀಕ್ಷೆಗೊಳಪಟ್ಟ ಸರಕನ್ನೇ ಕೊಳ್ಳುತ್ತಾರೆ. ಇವು ಸಣ್ಣ ಸಾಧನೆಗಳಲ್ಲ. ಆದರೆ ಕೆನಡಾದ ಆರೋಗ್ಯ ಇಲಾಖೆಯ ಸಮೀಕ್ಷೆಯಲ್ಲಿ, ಹಿಂದಿನ ಹನ್ನೆರಡು ತಿಂಗಳಲ್ಲಿ ಗಾಂಜಾ ಬಳಸಿದ್ದೆವೆಂದವರ ಪ್ರಮಾಣ 2018ರಲ್ಲಿ ಶೇ. 22 ಇದ್ದದ್ದು 2023ರಲ್ಲಿ ಶೇ. 26ಕ್ಕೆ ಏರಿತು.

ಕಾನೂನು ಬದಲಾದರೂ ದೇಹಧರ್ಮ ಬದಲಾಗುವುದಿಲ್ಲ. ಮಿದುಳಿನ ಬೆಳವಣಿಗೆ ಸುಮಾರು 25ನೆಯ ವಯಸ್ಸಿನವರೆಗೂ ಸಾಗುತ್ತದೆ. ಹದಿಹರೆಯದಲ್ಲಿ ಆರಂಭಿಸಿ ತೀಕ್ಷ್ಣ ಗಾಂಜಾವನ್ನು ದಿನನಿತ್ಯ ಬಳಸುವವರಲ್ಲಿ ಚಿತ್ತವಿಕಲತೆಯ ಸಂಭವ ಹೆಚ್ಚು. ಮನೆತನದಲ್ಲಿ ಅಂಥ ಕಾಯಿಲೆಯಿದ್ದರೆ ಮತ್ತಷ್ಟು ಹೆಚ್ಚು. ಕೆಲವು ದಶಕಗಳ ಹಿಂದಿನ ಗಾಂಜಾದಲ್ಲಿ ಟಿಎಚ್‌ಸಿ ಶೇಕಡ ಕೆಲವೇ ಅಂಶವಿತ್ತು. ಇಂದಿನ ಅಂಗಡಿಗಳಲ್ಲಿ ಶೇ. 20ಕ್ಕೂ ಮೀರಿದ ಸರಕು ಸಾಮಾನ್ಯ. ಬಹುಕಾಲ ಬಳಸಿದ ಕೆಲವರಲ್ಲಿ ನಿಲ್ಲದ ವಾಂತಿ ಕಾಣಿಸಿಕೊಳ್ಳುತ್ತದೆ; ಬಿಸಿನೀರಿನ ಸ್ನಾನದಿಂದ ತಾತ್ಕಾಲಿಕ ಉಪಶಮನವಾಗುವುದು ಅದರ ಲಕ್ಷಣ. ನಿಜವಾದ ಮದ್ದೆಂದರೆ ಗಾಂಜಾವನ್ನು ಬಿಡುವುದೊಂದೇ.

ನಿಯಂತ್ರಣದ ರೀತಿ ಎಷ್ಟು ಮುಖ್ಯವೆಂಬುದನ್ನು ತಿಂಡಿಯ ರೂಪದ ಗಾಂಜಾ ತೋರಿಸಿಕೊಟ್ಟಿತು. 2019ರ ಅಕ್ಟೋಬರ್‌ನಲ್ಲಿ ಅದಕ್ಕೂ ಅನುಮತಿ ದೊರೆಯಿತು. ಒಂದು ಪೊಟ್ಟಣಕ್ಕೆ 10 ಮಿಲಿಗ್ರಾಂ ಟಿಎಚ್‌ಸಿ ಎಂಬ ಮಿತಿಯೂ ಬಂತು. ಒಂಟಾರಿಯೊ ಮೊದಲಾದ ಪ್ರಾಂತಗಳು ಮಿಠಾಯಿ, ಚಾಕೊಲೇಟುಗಳನ್ನು ಮಾರಲು ಒಪ್ಪಿದವು, ಕ್ವಿಬೆಕ್ ಒಪ್ಪಲಿಲ್ಲ. ಮುಂದೆ, ತಿಳಿಯದೆ ಗಾಂಜಾ ತಿಂದು ಆಸ್ಪತ್ರೆ ಸೇರಿದ ಪುಟ್ಟ ಮಕ್ಕಳ ಸಂಖ್ಯೆ ಮಿಠಾಯಿಗೆ ಅವಕಾಶ ಕೊಟ್ಟ ಪ್ರಾಂತಗಳಲ್ಲಿ ಕ್ವಿಬೆಕ್‌ಗಿಂತ ಬಹಳ ಹೆಚ್ಚಾಯಿತು. ದೇಶ ಒಂದೇ, ಮೂಲ ಶಾಸನ ಒಂದೇ. ವ್ಯತ್ಯಾಸ ಪ್ರಾಂತದ ನಿಯಮದಲ್ಲಿತ್ತು. ಕ್ವಿಬೆಕ್‌ನಲ್ಲಿ ಮಾರಾಟ ಸರಕಾರದ ಅಂಗಡಿಗಳಲ್ಲಿ ಮಾತ್ರ. 2020ರಿಂದ ಕನಿಷ್ಠ ವಯಸ್ಸು 21. ಒಂಟಾರಿಯೊದಲ್ಲಿ ಕನಿಷ್ಠ ವಯಸ್ಸು 19. ಖಾಸಗಿ ಅಂಗಡಿಗಳು ಸಾವಿರವನ್ನು ದಾಟಿವೆ.

ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟ. ಸೇವಿಸಿದವನನ್ನು ಸೆರೆಗೆ ತಳ್ಳುವುದು ಬೇಡ. ಮಾರುವವನಿಗೆ ಅಂಕುಶವಿಲ್ಲದಿರುವುದೂ ಬೇಡ. ಮಾರಾಟ ಸರಕಾರದ ಹಿಡಿತದಲ್ಲಿರಲಿ, ಕನಿಷ್ಠ ವಯಸ್ಸು 21 ಆಗಲಿ, ಮಕ್ಕಳನ್ನು ಸೆಳೆಯುವ ತಿನಿಸುಗಳು ನಿಲ್ಲಲಿ, ತೀಕ್ಷ್ಣತೆ ಏರಿದಂತೆ ತೆರಿಗೆಯೂ ಏರಲಿ. ಇಷ್ಟು ಬಿಗಿ ಮಾಡಿದರೆ ಗಿರಾಕಿಗಳು ಮತ್ತೆ ಕಳ್ಳಪೇಟೆಗೆ ಹೋಗುವರೆಂಬ ವಾದವಿದೆ. ಆ ವಾದದಲ್ಲಿ ಹುರುಳಿಲ್ಲವೆನ್ನಲಾರೆ. ಬೆಲೆ ಮಿತಿಮೀರದಂತೆ ನೋಡಿಕೊಳ್ಳಬೇಕಾದದ್ದು ಅದಕ್ಕಾಗಿಯೇ. ಆದರೆ ಕಳ್ಳಪೇಟೆಯನ್ನು ಸೋಲಿಸುವ ನೆಪದಲ್ಲಿ ಬೀದಿಗೊಂದು ಅಂಗಡಿ ತೆರೆಯಬೇಕಾಗಿಲ್ಲ.

ಇಲ್ಲಿಗೆ ಬರಲಿರುವವರು ಇನ್ನೊಂದು ವಿಷಯವನ್ನು ಮನಸ್ಸಿನಲ್ಲಿಡಬೇಕು. ನಾಗರಿಕನಿಗೆ ದಂಡದಲ್ಲಿ ಮುಗಿಯುವ ತಪ್ಪು ವಲಸಿಗನ ನೆಲೆಯನ್ನೇ ಅಲುಗಿಸಬಹುದು. ಅಮಲಿನಲ್ಲಿ ವಾಹನ ಚಲಾಯಿಸುವ ಅಪರಾಧಕ್ಕೆ 2018ರ ಡಿಸೆಂಬರ್‌ನಿಂದ ಗರಿಷ್ಠ ಶಿಕ್ಷೆ ಹತ್ತು ವರ್ಷ. ಹಾಗಾಗಿ ವಲಸೆ ಕಾನೂನಿನ ದೃಷ್ಟಿಯಲ್ಲಿ ಅದು ‘ಗಂಭೀರ ಅಪರಾಧ’. ಕಾಯಂ ನಿವಾಸಿಯೂ ದೇಶ ಬಿಡಬೇಕಾಗಬಹುದು. ಗಾಂಜಾವನ್ನು ಗಡಿಯಾಚೆಗೆ ಒಯ್ಯುವುದೂ ಒಳಗೆ ತರುವುದೂ ಅಪರಾಧ. ಪಕ್ಕದ ಅಮೆರಿಕದಲ್ಲಿ ಹಲವು ರಾಜ್ಯಗಳು ಒಪ್ಪಿದ್ದರೂ ಕೇಂದ್ರದ ಕಾನೂನು ಪೂರ್ಣ ಸಮ್ಮತಿ ನೀಡಿಲ್ಲ. ಪೌರತ್ವ ಕೊಡುವವರು ನೋಡುವುದು ಕೇಂದ್ರದ ಕಾನೂನನ್ನೇ.

‘ಕೆನಡಾ ಮಾಡಿದ್ದನ್ನು ಭಾರತವೂ ಮಾಡಲಿ’ ಎನ್ನುವವರಿಗೂ ಒಂದು ಮಾತು. ನಮ್ಮಲ್ಲಿ 1985ರ ಮಾದಕವಸ್ತು ಕಾಯಿದೆಯು ಗಾಂಜಾವನ್ನು ನಿಷೇಧಿಸಿ, ಎಲೆಯಿಂದ ಮಾಡುವ ಭಂಗಿಯನ್ನು ತನ್ನ ವ್ಯಾಖ್ಯೆಯ ಹೊರಗಿಟ್ಟಿತು. ವ್ಯಸನಿಯೇ ಮುಂದಾಗಿ ಚಿಕಿತ್ಸೆ ಬಯಸಿದರೆ ವಿಚಾರಣೆಯಿಂದ ರಕ್ಷಣೆ ನೀಡುವ ವಿಧಿಯೂ ಅದರ 64ಎ ಕಲಮಿನಲ್ಲಿದೆ. ಪ್ರಯೋಗಾಲಯ, ತಪಾಸಣಾಧಿಕಾರಿಗಳು, ವ್ಯಸನಮುಕ್ತಿ ಕೇಂದ್ರಗಳು ಸಾಕಷ್ಟಿಲ್ಲದೆ ಅಂಗಡಿ ತೆರೆಯುವುದು ಅವಸರದ ಹೆಜ್ಜೆ. ಈಗಿರುವ ಆ ವಿಧಿಯನ್ನು ಮನಃಪೂರ್ವಕವಾಗಿ ಜಾರಿಗೆ ತರುವುದು ಅದಕ್ಕಿಂತ ಮೊದಲು ಆಗಬೇಕಾದ ಕೆಲಸ.

ಇನ್ನು ತಂದೆತಾಯಿಗಳಿಗೆ ನನ್ನ ಬಿನ್ನಹ: ಮಗ ಅಥವಾ ಮಗಳು ವಿಮಾನ ಹತ್ತುವ ಮೊದಲು ಶುಲ್ಕ, ವಸತಿ, ವೀಸಾಗಳ ಜೊತೆಗೆ ಈ ವಿಷಯವನ್ನೂ ಸಂಕೋಚವಿಲ್ಲದೆ ಮಾತನಾಡಿರಿ. ಮನೆತನದಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇದ್ದರೆ ಅದನ್ನು ಮುಚ್ಚಿಡದೆ ತಿಳಿಸಿರಿ. ಶಾಸನ ಸೇದುವವನನ್ನು ಜೈಲಿನಿಂದ ಉಳಿಸಬಹುದು. ಕಾಯಿಲೆಯಿಂದ ಉಳಿಸುವ ಶಕ್ತಿ ಅದಕ್ಕಿಲ್ಲ.